ಗೇಟಿನ ಕಟ್ಟೆಯ ಮುಳ್ಳು

ಹಿಂಜವಾಡಿ, ಪುಣೆ
೨೩ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಕಾಡಪ್ಪಣ್ಣನಿಗೆ,

ಸಂಕಪ್ಪನ ನಮಸ್ಕಾರಗಳು. ನಿಮ್ಮ ದೀಪಾವಳಿಯ ಪತ್ರ ಹೆಚ್ಚುಕಡಿಮೆ ನಾಲ್ಕು ತಿಂಗಳಿಂದ ನನ್ನ ಮೇಜಿನ ಖಾನೆಯಲ್ಲಿ ಕೂತಿದೆ. ಅರ ತೆಗೆಯಲು, ಸ್ಪ್ಯಾನರ್ ತೆಗೆಯಲು ಖಾನೆ ಎಳೆದಾಗಲೆಲ್ಲ ನಿಮ್ಮ ದುಂಡಗಿನ ಅಕ್ಷರ ಕಾಣುತ್ತಿತ್ತು. ಪುರುಸೊತ್ತಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹೋಟೆಲನ್ನು ಈಗ ಪೂರ್ತಿಯಾಗಿ ಮಗಳು ತೃಪ್ತಿಯೇ ನೋಡಿಕೊಳ್ಳುತ್ತಿದ್ದಾಳೆ, ನನಗೆ ಇಡೀ ದಿನ ಪುರುಸೊತ್ತು. ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ. ಕಾರ್ಖಾನೆಯ ಪ್ರೆಸ್ಸುಗಳು ನಿಮ್ಮ ಕಿವಿಯನ್ನು ತಿಂದು ಹಾಕದೇ ಇದ್ದಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆನೋ ಏನೋ. ಈಗ ಬರೆಯಲೇಬೇಕು.

ನನ್ನಾಕೆ ಲೀಲಾಕ್ಷಿ ಆರಾಮಾಗಿದ್ದಾಳೆ. ಮಂಡಿನೋವು ಇದೆ, ಆದರೂ ಬೆಳಗ್ಗೆ ಹೋಟೆಲಿಗೆ ಹೋಗಿ ಸಾಂಬಾರಿನ ರುಚಿ ನೋಡದಿದ್ದರೆ ಅವಳಿಗೆ ಆಗುವುದಿಲ್ಲ. ನಿಮ್ಮ ಮೊಮ್ಮಗಳು ಧನುಶ್ರೀ ಐಟಿಐ ಸೇರಿ ಟರ್ನರ್ ಕೆಲಸ ಕಲಿಯುತ್ತಿದ್ದಾಳೆ ಎಂದು ಬರೆದಿದ್ದಿರಿ. ಆ ಸಾಲನ್ನು ಲೀಲಾಕ್ಷಿಗೆ ಎರಡು ಸಲ ಓದಿ ಹೇಳಿದೆ. ಗೋಕಾಕದ ಆ ಹುಡುಗಿ ಅಜ್ಜನ ಕೈ ಪಡೆದುಕೊಂಡು ಬಂದಿದ್ದಾಳೆ.

ನೀವು ಜುನಾ ಬಜಾರಿನ ಗುಜರಿಯಿಂದ ತಂದು, ತುಕ್ಕು ಉಜ್ಜಿ, ಊರಿಗೆ ಹೊರಡುವಾಗ ನನಗೆ ಕೊಟ್ಟುಹೋದ ಲೇತ್ ಇನ್ನೂ ಚೆನ್ನಾಗಿ ಓಡುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ನನ್ನ ಪಾಲಿನ ಪಾರ್ಕಿಂಗ್ ಜಾಗದಲ್ಲಿ ತಗಡಿನ ಮರೆ ಕಟ್ಟಿ ಇಟ್ಟುಕೊಂಡಿದ್ದೆ. ಕಾರು ಇಲ್ಲದವನಿಗೆ ಆ ಜಾಗ ಇನ್ಯಾಕೆ? ಹೋಟೆಲಿನ ಗ್ರೈಂಡರಿಗೆ ಬುಷ್, ಫಿಲ್ಟರಿನ ಮುಚ್ಚಳಕ್ಕೆ ಹಿತ್ತಾಳೆಯ ಗುಂಡಿ, ನೆರೆಮನೆಯ ಮಕ್ಕಳಿಗೆ ಬುಗುರಿ, ಇಂಥವನ್ನು ಮಾಡುತ್ತಾ ಮಧ್ಯಾಹ್ನಗಳು ಕಳೆಯುತ್ತಿದ್ದವು. ನಲವತ್ತು ವರ್ಷ ಬೇರೆಯವರ ಹಸಿವು ನೋಡಿಕೊಂಡವನಿಗೆ, ಯಾರೂ ತಿನ್ನದ, ಮರುದಿನ ಹಳಸದ ವಸ್ತು ಮಾಡುವುದು ಎಷ್ಟು ಸುಖ ಎಂದು ನಿಮಗೆ ಹೇಳಬೇಕಾಗಿಲ್ಲ. “ಶೆಟ್ರ, ಕಬ್ಬಿಣಕ್ಕ ಸಿಟ್ಟ ಬರಂಗಿಲ್ಲ, ನಮಗ ಬರ್ತದ. ಸಾವಕಾಶ ಮಾಡ್ರಿ” ಎಂದು ನೀವು ಹೇಳಿಕೊಟ್ಟಂತೆಯೇ ಮಾಡುತ್ತಿದ್ದೆ.

ನವೆಂಬರಿನಲ್ಲಿ ಯಾರೋ ಸದ್ದಿನ ಬಗ್ಗೆ ದೂರು ಕೊಟ್ಟರು. ನಮ್ಮ ಸೊಸೈಟಿಯ ಸೆಕ್ರೆಟರಿ ಅಂಬಾದಾಸ ಎಂಬವರು ಕೆಳಗೆ ಬಂದು ಎಲ್ಲವನ್ನೂ ನೋಡಿದರು. ಐವತ್ತರ ಆಸುಪಾಸಿನ ಮನುಷ್ಯ, ಮಾತು ಬೆಣ್ಣೆ. ಪಾರ್ಕಿಂಗಿನಲ್ಲಿ ಯಂತ್ರ ಇಡುವುದು ನಿಯಮಕ್ಕೆ ವಿರುದ್ಧ, ಆದರೆ ಕಾಕಾ ಸೊಸೈಟಿಗೆ ಒಂದು ಸಣ್ಣ ಸೇವೆ ಮಾಡಿಕೊಟ್ಟರೆ ಕಮಿಟಿ ಕಣ್ಣು ಮುಚ್ಚಿಕೊಳ್ಳುತ್ತದೆ ಎಂದರು. ಸೇವೆ ಏನೆಂದರೆ, ಗೇಟಿನ ಪಕ್ಕದ ಕಟ್ಟೆಯ ಮೇಲೆ ನೆಡಲು ನಾಲ್ಕು ಇಂಚಿನ ಸ್ಟೀಲ್ ಸರಳುಗಳು, ನಲವತ್ತೆಂಟು.

ಆ ಕಟ್ಟೆಯನ್ನು ನೀವು ನೋಡಿಲ್ಲ. ಮಳೆಮರದ ನೆರಳಿನಲ್ಲಿ ಮೊಣಕಾಲೆತ್ತರದ ಕಲ್ಲುಕಟ್ಟೆ. ಒಂದು ಮನೆಯ ಪಾತ್ರೆ ತೊಳೆದು ಇನ್ನೊಂದು ಮನೆಯ ಹೊತ್ತಿಗೆ ಕಾಯುವ ಹೆಂಗಸರು ಅಲ್ಲಿ ಕೂರುತ್ತಿದ್ದರು. ಊಟದ ಪಾರ್ಸೆಲ್ ತರುವ ಹುಡುಗರು ಬೈಕ್ ನಿಲ್ಲಿಸಿ ಐದು ನಿಮಿಷ ಬೆನ್ನು ಆನಿಸುತ್ತಿದ್ದರು. ಒಳಗಿನ ಉದ್ಯಾನದ ಬೆಂಚುಗಳ ಮೇಲೆ ಅವರು ಕೂರಬಾರದು, ಅದಕ್ಕೆ ಬೋರ್ಡೇ ಇದೆ. ಯಾಕೆ ಸರಳು ಎಂದು ಕೇಳಿದೆ. “ಕೂತ್ಕೋತಾರೆ, ಗುಟ್ಕಾ ಉಗುಳ್ತಾರೆ, ಬಂದವರಿಗೆ ಚಂದ ಕಾಣೋದಿಲ್ಲ” ಎಂದು ಅಂಬಾದಾಸ ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು. ನಾನು ಒಪ್ಪಿಕೊಂಡೆ. ಹೀಗೆ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ಲೇತ್ ಬೇಕಾಗಿತ್ತು. ಡಿಸೆಂಬರಿನಲ್ಲಿ ಮಾಡಿಕೊಟ್ಟೆ. ಹೊಸ ವರ್ಷದ ವಾರದಲ್ಲಿ ಗೌಂಡಿ ಬಂದು ಅವನ್ನು ಸಿಮೆಂಟಿನಲ್ಲಿ ಸಾಲಾಗಿ ನೆಟ್ಟ.

ತಾಯಮ್ಮ ಎಂಬ ಹೆಂಗಸಿನ ಬಗ್ಗೆ ಹಿಂದೊಮ್ಮೆ ಬರೆದಿದ್ದೆನೋ ಇಲ್ಲವೋ ನೆನಪಿಲ್ಲ. ಯಾದಗಿರಿ ಕಡೆಯವಳು. ಮೊದಲು ಕಟ್ಟಡದ ಕೆಲಸಕ್ಕೆಂದು ಬಂದಳು, ಗಂಡ ತೀರಿಕೊಂಡ ಮೇಲೆ ಮನೆಗೆಲಸಕ್ಕೆ ನಿಂತಳು. ನಮ್ಮ ಮನೆಗೆ ಅವಳು ಬರುವುದಿಲ್ಲ, ಮೇಲಿನ ಮೂರು ಮನೆಗಳಿಗೆ ಬರುತ್ತಿದ್ದಳು. ಇಡೀ ಕಟ್ಟಡದಲ್ಲಿ ಅವಳ ಜೊತೆ ಕನ್ನಡ ಆಡುವವರು ನಾವಿಬ್ಬರೇ. ನನ್ನ ತಗಡಿನ ಮರೆಯ ಹತ್ತಿರ ನಿಂತು, “ಕಾಕಾ, ಏನ್ ಕೊರ್ಯಾಕತ್ತೀರಿ ಇವತ್ತ?” ಎಂದು ಕೇಳಿ ಹೋಗುವುದು ಅವಳ ರೂಢಿ. ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದವಳು, ಸರಳು ನೆಟ್ಟ ಮೇಲೆ ಬಂದು ಕಟ್ಟೆಯ ಪಕ್ಕದಲ್ಲಿ ನಿಂತೇ ಕಾಯತೊಡಗಿದಳು.

ಜನವರಿ ಇಪ್ಪತ್ತನಾಲ್ಕು, ಶುಕ್ರವಾರ. ಬೆಳಗ್ಗೆ ಹತ್ತರ ಹೊತ್ತು. ಕಂಪನಿಯ ಕ್ಯಾಬೊಂದು ಗೇಟಿನಲ್ಲಿ ಹಿಂದಕ್ಕೆ ಬಂತು, ಚಾಲಕನ ಕಣ್ಣು ಫೋನಿನಲ್ಲಿ. ತಾಯಮ್ಮ ಹಿಂದಕ್ಕೆ ಜಿಗಿದಳು. ಕಾಲು ಜಾರಿತು. ಬೀಳದಿರಲೆಂದು ಬಲಗೈಯನ್ನು ಹಿಂದೆ ಊರಿದಳು. ನಾನು ವಾಚ್‌ಮನ್ನನ ಕೂಗು ಕೇಳಿ ಓಡಿಬಂದಾಗ ಅವಳು ಕಟ್ಟೆಗೆ ಒರಗಿ ಅರ್ಧ ಕೂತಂತೆ ಇದ್ದಳು. ಸರಳು ಅಂಗೈಯಲ್ಲಿ ಹೊಕ್ಕು ಹೊರಗೈಯಲ್ಲಿ ಬಂದಿತ್ತು.

ನಾನೇ ಅವಳ ಮಣಿಕಟ್ಟು ಹಿಡಿದು ಮೇಲೆತ್ತಿದೆ, ಕಾಡಪ್ಪಣ್ಣ. ಬೇರೆ ಯಾರೂ ಮುಟ್ಟಲಿಲ್ಲ. ಅವಳು ಕೂಗಲೂ ಇಲ್ಲ. “ಬಳಿ ಒಡದಾವೇನ್ರಿ ಕಾಕಾ” ಎಂದಳು, ಅಷ್ಟೇ. ಗಂಡ ಹೋದ ಮೇಲೂ ಅವಳು ಬಿಡದೆ ತೊಟ್ಟಿದ್ದ ಬಳೆಗಳು, ಒಂದೂ ಒಡೆದಿರಲಿಲ್ಲ. ತಗಡಿನ ಮರೆಯಲ್ಲಿ ಎಣ್ಣೆ ಒರೆಸುವ ಬಟ್ಟೆಯ ಕೆಳಗಿದ್ದ ಹೊಸ ಟವೆಲ್ಲನ್ನು ತಂದು ಸುತ್ತಿ, ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಮೂರು ಗಂಟೆಗೆ ವಾಪಸು ಬಂದರೆ ಕಟ್ಟೆ ಫಿನಾಯಿಲ್ ನಾರುತ್ತಿತ್ತು. ತೊಳೆದು, ಮುಂದೆ ರಂಗೋಲಿ ಹಾಕಿದ್ದರು. ಆಮೇಲೆ ಸೊಸೈಟಿಯ ವಾಟ್ಸಾಪ್ ಗುಂಪನ್ನು ತೆರೆದು ನೋಡಿದೆ, ನೋಡಬಾರದಿತ್ತು. ಮೂರನೇ ಮಹಡಿಯ ಪೂರ್ವಾ ಎಂಬಾಕೆ, ಸಂಜೆ ತಮ್ಮ ಮನೆಯಲ್ಲಿ ಅರಿಸಿನ ಕುಂಕುಮ ಇದೆ, ಮುತ್ತೈದೆಯರು ಅದೇ ಗೇಟಿನಿಂದ ಬರುವವರು, ದಯವಿಟ್ಟು ಯಾರಾದರೂ ಆ ರಕ್ತ ತೊಳೆಸಿ ಎಂದು ಬರೆದಿದ್ದಳು. ತಾಯಮ್ಮ ಎರಡು ವರ್ಷ ಅದೇ ಪೂರ್ವಾಳ ಪಾತ್ರೆ ತೊಳೆದವಳು. ಇನ್ನೊಬ್ಬರು, ಕೆಲಸದವರು ಗೇಟಿನಲ್ಲಿ ಗುಂಪುಗೂಡಿದರೆ ಹೀಗೇ ಆಗುತ್ತದೆ ಎಂದಿದ್ದರು. ಅದರ ಕೆಳಗೆ ಹೆಬ್ಬೆರಳಿನ ಚಿತ್ರಗಳ ಸಾಲು. ಕೈ ತೂತಾದವಳ ಸುದ್ದಿಗೆ ಇಷ್ಟೊಂದು ಹೆಬ್ಬೆರಳು.

ಸಂಜೆ ಅಂಬಾದಾಸ ಬಾಗಿಲಿಗೇ ಬಂದರು. ತಾಯಮ್ಮ ಹೇಗಿದ್ದಾಳೆ ಎಂದು ಕೇಳುತ್ತಾರೆ ಎಂದುಕೊಂಡೆ. ಒಂದು ಸರಳು ಅಲುಗಾಡುತ್ತಿದೆಯಂತೆ, ಸರಿ ಮಾಡಿಕೊಡಬೇಕಂತೆ. ಜೊತೆಗೆ ಹಿಂದಿನ ಗೇಟಿಗೂ ಇನ್ನೊಂದು ಸಾಲು ಬೇಕಂತೆ. “ಚೆನ್ನಾಗಿ ಕೆಲಸ ಮಾಡ್ತಿದೆ ಕಾಕಾ, ಈಗ ಅಲ್ಲಿ ಒಬ್ಬರೂ ಕೂರೋದಿಲ್ಲ.” ಅವರ ಕೈಯಲ್ಲಿ ಪೂರ್ವಾಳ ಮನೆಯಿಂದ ಬಂದ ಎಳ್ಳುಂಡೆ ಇತ್ತು. ನನಗೂ ಒಂದು ಕೊಟ್ಟರು. ನಾನು ಇಸಿದುಕೊಂಡೆ. ಬಾಗಿಲು ಹಾಕಿದ ಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಿ, ಬಚ್ಚಲಿಗೆ ಹೋಗಿ ಕೈ ತೊಳೆದೆ.

ಆವತ್ತಿನಿಂದ ಒಂದು ವಾರ ಅನ್ನದ ತಟ್ಟೆಯ ಮುಂದೆ ಕೂತರೆ ಬೆರಳಿನಿಂದ ಕಬ್ಬಿಣದ ವಾಸನೆ. ಸೋಪು, ಹುಣಸೆಹಣ್ಣು, ನಿಂಬೆಸಿಪ್ಪೆ, ಯಾವುದರಿಂದ ಉಜ್ಜಿದರೂ ಹೋಗುತ್ತಿರಲಿಲ್ಲ. ಮೊದಲು ಆ ವಾಸನೆ ನನಗೆ ಎಷ್ಟು ಇಷ್ಟವಾಗಿತ್ತು. “ನೀವು ಊಟ ಬಿಟ್ಟು ಕೂತರೆ ಅವಳ ಕೈ ಸರಿ ಆಗ್ತದಾ? ಎಂತಾದ್ರೂ ಮಾಡುವುದಿದ್ದರೆ ಮಾಡಿ, ಇಲ್ಲದಿದ್ದರೆ ಉಣ್ಣಿ” ಎಂದಳು ಲೀಲಾಕ್ಷಿ. ಅವಳ ಮಾತು ಯಾವಾಗಲೂ ಹಾಗೆ, ಎರಡೇ ದಾರಿ.

ಫೆಬ್ರವರಿ ಎರಡು, ಭಾನುವಾರ ಬೆಳಗ್ಗೆ, ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿ ಕಬ್ಬಿಣ ಕೊಯ್ಯುವ ಗ್ರೈಂಡಿಂಗ್ ಮಿಷನ್ ತೆಗೆದುಕೊಂಡು ಗೇಟಿಗೆ ಹೋದೆ. ಮೊದಲನೇ ಸರಳಿನ ಬುಡಕ್ಕೆ ಚಕ್ರ ಇಟ್ಟೆ. ಕಿಡಿ ಹಾರಿತು, ಸದ್ದಿಗೆ ಬಾಲ್ಕನಿಗಳು ತುಂಬಿದವು. ಹತ್ತು ಹನ್ನೆರಡು ಬೀಳುವಷ್ಟರಲ್ಲಿ ಅಂಬಾದಾಸ ಚಡ್ಡಿಯಲ್ಲೇ ಇಳಿದು ಬಂದರು.

“ಕಾಕಾ, ಹೇ ಸೊಸೈಟೀಚಿ ಪ್ರಾಪರ್ಟಿ ಆಹೆ”, ಇದು ಸೊಸೈಟಿಯ ಸೊತ್ತು, ಎಂದರು. ಅವರ ಬೆಣ್ಣೆ ಮಾತು ಮೊದಲ ಸಲ ಗಟ್ಟಿಯಾಗಿತ್ತು.

“ಪೊಲೀಸರಿಗೆ ಹೇಳಿ” ಎಂದೆ ನಾನೂ ಮರಾಠಿಯಲ್ಲೇ. “ಇದರಿಂದ ಒಬ್ಬಳ ಕೈ ಹೋಯಿತು ಎಂದೂ ಹೇಳಿ.”

“ಮಾಡಿಕೊಟ್ಟದ್ದು ನೀವೇ ಅಲ್ಲವೇ?”

“ಹೌದು, ನಾನೇ ಮಾಡಿದ್ದು. ಅದಕ್ಕೇ ನಾನೇ ಕತ್ತರಿಸುತ್ತಿದ್ದೇನೆ.”

ಅವರು ವಾಚ್‌ಮನ್ನನಿಗೆ ವೈರು ಕೀಳಲು ಹೇಳಿದರು. ಆ ಮುದುಕ ಸ್ವಿಚ್ಚಿನ ಹತ್ತಿರ ಹೋಗಿ, ಅದಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ. ಒಂದೂಕಾಲು ಗಂಟೆಯಲ್ಲಿ ನಲವತ್ತೆಂಟೂ ನೆಲಕ್ಕೆ ಬಿದ್ದವು. ಮೇಲಿನವರು ಯಾರೂ ಕೆಳಗೆ ಬರಲಿಲ್ಲ. ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದರು.

ಇದರಿಂದ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಎಂಟು ದಿನಗಳಲ್ಲಿ ಅದೇ ಕಟ್ಟೆಯ ಮೇಲೆ ಅಂಗಡಿಯಿಂದ ತಂದ ಸಿದ್ಧ ಮುಳ್ಳಿನ ಪಟ್ಟಿ ಬಂತು. ಅಂಥದ್ದು ಮಾರುಕಟ್ಟೆಯಲ್ಲಿ ಸಿಗುತ್ತದಂತೆ, ಹಸಿರು ಬಣ್ಣದ್ದು, ಮರದ ನೆರಳಿನಲ್ಲಿ ಬೇಗ ಕಣ್ಣಿಗೂ ಬೀಳುವುದಿಲ್ಲ. ಪಾರ್ಕಿಂಗಿನಿಂದ ಲೇತ್ ತೆಗೆಯಬೇಕೆಂದು ನನಗೆ ನೋಟಿಸು ಬಂತು, ತಿಂಗಳ ಕೊನೆಯೊಳಗೆ. ಲಿಫ್ಟಿನಲ್ಲಿ ಪೂರ್ವಾ ಸಿಕ್ಕಿದರೆ ನನ್ನನ್ನು ನೋಡಿ ನಗುತ್ತಾಳೆ, “ಕಸೆ ಆಹಾತ್ ಕಾಕಾ” ಎಂದು ಯೋಗಕ್ಷೇಮ ವಿಚಾರಿಸುತ್ತಾಳೆ. ತಾಯಮ್ಮನ ಕೈ ತೂತಾದ ವಾರದಲ್ಲೇ ಪೂರ್ವಾಳ ಮನೆಗೆ ಕೆಲಸಕ್ಕೆ ಬೇರೆ ಹೆಂಗಸು ಬಂದಾಯಿತು. ಉಳಿದೆರಡು ಮನೆಗಳಿಗೂ ಬಂದಾಯಿತು. ಇವರ ಜೊತೆ ಒಂದೇ ಲಿಫ್ಟಿನಲ್ಲಿ ಉಸಿರಾಡಲು ಆಗದೆ ನಾನು ಮೆಟ್ಟಿಲು ಹತ್ತುತ್ತೇನೆ.

ತಾಯಮ್ಮನ ಗಾಯ ಒಣಗಿದೆ, ಆದರೆ ಎರಡು ಬೆರಳು ಮಡಚುವುದಿಲ್ಲ. ನರ ಕಡಿದಿದೆ, ಎಷ್ಟು ಸರಿಹೋಗುತ್ತದೋ ಹೇಳಲಾಗದು ಎಂದರು ಡಾಕ್ಟರು. ಪಾತ್ರೆಯ ಹಿಡಿ ಹಿಡಿಯಲಾರಳು, ಬಟ್ಟೆ ಹಿಂಡಲಾರಳು. ಲೀಲಾಕ್ಷಿ ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿದ್ದಾಳೆ. ಹಿಂದಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಕರಿಬೇವು ಬಿಡಿಸುತ್ತಾಳೆ. ಕೆಲಸ ನಿಧಾನ. ತೃಪ್ತಿ ಏನೂ ಅನ್ನುವುದಿಲ್ಲ. ನಾನು ಸರಳು ಕತ್ತರಿಸಿದ ಸುದ್ದಿ ಅಡುಗೆಮನೆಯಲ್ಲೆಲ್ಲ ಹಬ್ಬಿದೆ. ಹುಡುಗರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಲೀಲಾಕ್ಷಿ ಊರಿನಿಂದ ಬಂದ ನೆಂಟರಿಗೆಲ್ಲ ಅದನ್ನೇ ಹೇಳುತ್ತಾಳೆ. ಹೇಳುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ.

ಈಗ ಕೇಳಬೇಕಾದ ಮಾತು. ಲೇತನ್ನು ಧನುಶ್ರೀಗೆ ಕಳಿಸಲೇ? ಕಾತ್ರಜದಿಂದ ಬೆಳಗಾವಿ ಕಡೆಗೆ ಹೋಗುವ ಲಾರಿಯವರು ಗುರುತಿನವರಿದ್ದಾರೆ, ಗೋಕಾಕದವರೆಗೂ ಮುಟ್ಟಿಸುತ್ತಾರೆ. ಚಕ್, ಅಳತೆಯ ಸಾಮಾನು, ಅರಗಳು ಎಲ್ಲವನ್ನೂ ಗ್ರೀಸ್ ಹಚ್ಚಿ ಗೋಣಿಯಲ್ಲಿ ಕಟ್ಟಿದ್ದೇನೆ. ತೃಪ್ತಿ, ಹೋಟೆಲಿನ ಹಿಂದೆ ಜಾಗ ಮಾಡಿಕೊಡುತ್ತೇನೆ, ಅಲ್ಲೇ ಇಟ್ಟುಕೊಳ್ಳಿ ಎಂದಳು. ಬೇಡ ಎಂದೆ. ಆ ಹಿಂದಿನ ಬಾಗಿಲಲ್ಲೇ ತಾಯಮ್ಮ ಕೂರುವುದು.

ಧನುಶ್ರೀಗೆ ನನ್ನ ಆಶೀರ್ವಾದ. ಅವಳ ಹತ್ತು ಬೆರಳೂ ಚೆನ್ನಾಗಿರಲಿ, ಅವಳ ಕೈಯಿಂದ ಹುಟ್ಟಿದ ವಸ್ತು ಯಾರದಾದರೂ ಮನೆಯ ಕೆಲಸಕ್ಕೆ ಬರಲಿ. ಅತ್ತಿಗೆಯವರಿಗೆ ನಮ್ಮಿಬ್ಬರ ನಮಸ್ಕಾರ. ನೀವು ಹಿರಿಯರು, ನಾನು ನಿಮ್ಮ ಕಾಲು ಮುಟ್ಟಿದ್ದೇನೆ ಎಂದುಕೊಳ್ಳಿ.

ಇಂತು ನಿಮ್ಮ
ಸಂಕಪ್ಪ

ಮತ್ತೊಂದು ಮಾತು. ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಲೀಲಾಕ್ಷಿಗೂ ಇದು ಗೊತ್ತಿಲ್ಲ. ಅಂಬಾದಾಸ ಕೊಟ್ಟ ಚಿತ್ರದಲ್ಲಿ ಸರಳಿನ ತುದಿ ಗುಂಡಗೆ ಇತ್ತು. ಎತ್ತರ ಇದ್ದರೆ ಸಾಕು, ಯಾರೂ ಕೂರುವುದಿಲ್ಲ ಎಂದೇ ಅವರು ಹೇಳಿದ್ದು. ಮೊನೆ ಯಾರೂ ಕೇಳಿರಲಿಲ್ಲ. ಗುಂಡು ತುದಿ ನನ್ನ ಕಣ್ಣಿಗೆ ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಂಡಿತು. ತುದಿಯನ್ನು ಮೊನಚು ಮಾಡುವ, ನೀವು ಕಲಿಸಿದ ಓರೆ ಕೊಯ್ತ ನಲವತ್ತೆಂಟರಲ್ಲೂ ಒಂದೇ ಸಮ ಬರುತ್ತದೆಯೇ ನೋಡಬೇಕು ಎನ್ನಿಸಿತು. ಬಂತು. ಮೂರು ದಿನ ಪಾಲಿಶ್ ಕಾಗದದಿಂದ ಉಜ್ಜಿದೆ. ಹಾಡು ಹೇಳಿಕೊಳ್ಳುತ್ತಾ ಉಜ್ಜಿದೆ, ಕಾಡಪ್ಪಣ್ಣ.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ತಾಯಮ್ಮ ಟವೆಲ್ ಸುತ್ತಿದ ಕೈಯನ್ನೇ ನೋಡುತ್ತಾ ಹೇಳಿದಳು, “ಎಷ್ಟ್ ನುಣ್ಣಗ ಅದರೀ ಅದು, ಒಳಗ ಹೋಗಿದ್ದು ಗೊತ್ತ ಆಗ್ಲಿಲ್ಲ. ಮಾಡಿದಾಂವ ಭಾಳ ಮನಸ್ ಇಟ್ಟ ಮಾಡ್ಯಾನ. ಯಾರ್ರಿ ಕಾಕಾ ಅಂವ?”

“ಗೊತ್ತಿಲ್ಲ ತಾಯಮ್ಮ” ಎಂದೆ.