ಅತ್ತೆ ಬಿಟ್ಟ ಒಂದು ಮಾತು

ಮಟಕಿ, ಆಳಂದ ತಾಲೂಕು
೫ ಜನವರಿ ೨೦೨೬

ನನ್ನ ಮುದ್ದು ಅಪ್ಪಾ,

ಅತ್ತೆ ಮಾವ ಇಬ್ಬರೂ ನಮ್ಮ ಮೈಸೂರಿನ ಮನೆಗೆ ಬರಲು ಒಪ್ಪಿಬಿಟ್ಟರು! ಮದುವೆಯಾದಾಗಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಕಾಗುಣಿತ ನೋಡಿ ನಗಬೇಡ, ಕಾನ್ವೆಂಟಿಗೆ ಸೇರಿಸಿದ್ದು ನೀನೇ.

ಇಲ್ಲಿ ಬೆಳಗ್ಗೆ ಮಂಜು ಸರಿಯುವವರೆಗೂ ಹೊಲ ಕಾಣುವುದಿಲ್ಲ, ಜೋಳದ ತೆನೆಗಳು ಮಾತ್ರ ಹಾಲಿನ ಮೇಲೆ ತೇಲುತ್ತಿರುತ್ತವೆ. ನಿನ್ನ ಅಳಿಯ ಮಹೇಶ ಕಡಗಂಚಿಯ ಯೂನಿವರ್ಸಿಟಿಗೆ ಬೈಕಿನಲ್ಲಿ ಹೊರಟರೆ ಆ ಬಿಳುಪಿನಲ್ಲಿ ಕರಗಿಹೋಗುತ್ತಾನೆ. ನಾನು ಚಹಾ ಹಿಡಿದು ಅಂಗಳದಲ್ಲೇ ನಿಂತಿರುತ್ತೇನೆ, ಇದು ನನ್ನ ಮನೆಯೋ ಕನಸೋ ತಿಳಿಯದೆ.

ಮದುವೆಯ ದಿನ ಅತ್ತೆ ನನ್ನನ್ನು ‘ಬಾ ಬೇ, ಒಳಗ ಬಾ’ ಎಂದದ್ದೇ ತಡ, ನೀನು ಊಟ ಬಿಟ್ಟು ಎದ್ದೆ. ಸೈನ್ಯದಲ್ಲಿದ್ದಾಗ ಪಂಜಾಬಿನಿಂದ ಅಸ್ಸಾಮಿನವರೆಗೆ ನೀನು ಕೇಳಿದ ಹಿಂದಿಯ ‘ಅಬೇ’, ‘ಬೇ’ ಬೈಗುಳವೇ, ನಿಜ. ಆದರೆ ಇಲ್ಲಿ ತಾಯಿ ಮಗಳನ್ನು ಕರೆಯುವುದೇ ಹಾಗೆ. ಮಾವನಿಗೂ ಸಿಟ್ಟು ನೆತ್ತಿಗೇರಿತು. ‘ನಮ್ಮ ಮಾತ ತಿಳೀದವ್ರ ಜೋಡಿ ಒಂದಾ ರಾಜ್ಯದಾಗ ಹ್ಯಾಂಗ ಇರಬೇಕ್ರಿ? ನಮ್ಮ ರಾಜ್ಯ ನಮಗ ಕೊಡ್ರಿ’ ಎಂದರು. ‘ಇವತ್ತು ರಾಜ್ಯ ಒಡೀತೀರಿ, ನಾಳೆ ದೇಶ’ ಎಂದು ನೀನು ಕಾರು ಹತ್ತಿದೆ.

ಅಂದಿನಿಂದ ಅತ್ತೆ ಆ ಮಾತನ್ನೇ ಬಿಟ್ಟರು. ‘ಇಂಚರಾ ಅವ್ರ, ಊಟಕ್ಕ ಬರ್ರಿ’ ಎನ್ನುತ್ತಿದ್ದರು, ಬ್ಯಾಂಕಿನಲ್ಲಿ ಟೋಕನ್ ಕೂಗಿದ ಹಾಗೆ. ನಾದಿನಿ ವಿದ್ಯಾವತಿಗೆ ಮಾತ್ರ ‘ಬೇ’. ನನಗೆಷ್ಟು ಹೊಟ್ಟೆಕಿಚ್ಚು ಗೊತ್ತಾ? ನಿನ್ನೆ ಒಲೆಯ ಮುಂದೆ ಮೈಮರೆತು, ‘ಜಲ್ದಿ ಬಾ ಬೇ, ರೊಟ್ಟಿ ಆರಾಕತ್ತಾವ’ ಎಂದುಬಿಟ್ಟರು. ನನಗೆ ಅಳುವೇ ಬಂತು. ಅವರು ಗಾಬರಿಯಾಗಿ, ‘ತಪ್ಪಾತ್ರಿ’ ಎಂದರು. ಇನ್ನೊಮ್ಮೆ ಅನ್ನಿ ಎಂದು ಹಿಟ್ಟಿನ ಕೈಗಳನ್ನೇ ಹಿಡಿದುಕೊಂಡೆ. ಪಡಸಾಲೆಯಿಂದ ಮಾವ, ‘ಮಿಲಿಟ್ರಿ ಸಾಹೇಬ್ರ ಮಗಳು ಬೈಸ್ಕೊಳ್ಳಾಕ ಅಳಾಕತ್ತಾಳ ನೋಡು’ ಎಂದು ನಕ್ಕರು. ಆ ನಗು ಮುಗಿಯುವ ಮೊದಲೇ ಮೈಸೂರಿನ ಮಾತೆತ್ತಿದೆ.

ಪ್ರತ್ಯೇಕ ರಾಜ್ಯದ ಹಟವನ್ನು ಅವರು ಬಿಟ್ಟಿಲ್ಲ. ನಿನ್ನ ಹಟವನ್ನು ನೀನೂ ಬಿಡಬೇಡ. ನಮ್ಮ ಹಜಾರದಲ್ಲಿ ಕಾಫಿ ಕುಡಿಯುತ್ತಾ ಎಷ್ಟು ಬೇಕಾದರೂ ಜಗಳವಾಡಿ. ನೀವಿಬ್ಬರೂ ಮಾತು ಬಿಟ್ಟರೆ ನಾನು ಯಾವ ಕಡೆಯವಳು ಅಪ್ಪಾ?

ನಿನ್ನ ದಾರಿ ಕಾಯುವ
ಇಂಚರ

ಬರೆಯಲು ಹೆದರಿದ್ದು: ನೀನೇ ಕರೆದಿದ್ದೀಯ ಎಂದು ಮಾವನಿಗೆ ಸುಳ್ಳು ಹೇಳಿದ್ದೇನೆ. ಅದನ್ನು ನಂಬಿ ಅವರು ಹೊಸ ಧೋತರ ತಂದಿಟ್ಟುಕೊಂಡಿದ್ದಾರೆ. ಸ್ಟೇಷನ್ನಿಗೆ ನೀನು ಬರಲೇಬೇಕು. ಹದಿನಾರನೇ ತಾರೀಕು ಶುಕ್ರವಾರ ಕಲಬುರಗಿಯಲ್ಲಿ ಹತ್ತುತ್ತೇವೆ. ಮೈಸೂರು ತಲುಪುವುದು ಶನಿವಾರ, ಬಸವ ಎಕ್ಸ್‌ಪ್ರೆಸ್.