ಪಟ್ಟಿಯ ಗಂಟೆ, ನೀರಿನ ಗಂಟೆ

ಕಾಂಗಿಕ್ಸುಜುವಾಕ್,
ಏಪ್ರಿಲ್ 9

ತಮ್ಮ ಜಾಕಾನಿಗೆ,

ಅಕ್ಕ ಸಿಯಾಸಿಯ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳುವುದು ಪದ್ಧತಿ, ಕೇಳಿದ್ದೇನೆ. ಬಿಡುವಿಲ್ಲದೆ ಅಲ್ಲ, ಮನಸ್ಸಿಲ್ಲದೆ ಬರೆಯಲಿಲ್ಲ.

ಗಂಡುಮಗು ಹುಟ್ಟಿದ್ದು ಸಂತೋಷ. ಆದರೆ ಅದಕ್ಕೆ ನನ್ನ ಗಂಡನ ಹೆಸರಿಡಲು ಅಪ್ಪಣೆ ಕೇಳಿದ್ದೀಯಲ್ಲ, ಎಷ್ಟು ಧೈರ್ಯ ನಿನಗೆ? ಹೆಸರಿನ ಜೊತೆ ತೀರಿಹೋದವರೇ ಮರಳಿ ಬರುತ್ತಾರೆಂದು ನಂಬಿದವರು ನಾವು. ನಿನ್ನ ಹೆಂಡತಿಯ ಬೆನ್ನ ಮೇಲಿನ ಕೂಸನ್ನು ನಾನು ‘ಯಜಮಾನರೇ’ ಎಂದು ಕರೆಯಬೇಕು. ಅದೂ ಅವರನ್ನು ಕೊಂದವನ ಮನೆಯಲ್ಲಿ.

ಆ ಮಾರ್ಚ್ ಮರೆತೆಯಾ? ಅಮಾವಾಸ್ಯೆಯ ಮರುದಿನ. ಆಗ ಸಮುದ್ರ ಬಹುದೂರ ಹಿಂದೆ ಸರಿದು ಅಷ್ಟೇ ರಭಸದಿಂದ ಮರಳುತ್ತದೆ. ಮಂಜುಗಡ್ಡೆ ಕೊರೆದು, ಅದರಡಿ ನೀರಿಳಿದ ಟೊಳ್ಳಿನೊಳಗೆ ಅಡುಗೆಗೆ ಚಿಪ್ಪು ಆಯಲು ನಾನೂ ಅವರೂ ಇಳಿದೆವು. ಮೇಲೆ ಕಿಂಡಿಯ ಬಳಿ ಉಬ್ಬರವಿಳಿತದ ಪಟ್ಟಿ ಹಿಡಿದು ಕೂತು, ಹೊತ್ತು ನೋಡಿ, ನೀರು ತಿರುಗುವ ಮುನ್ನ ಕರೆಯಬೇಕಾದವನು ನೀನು.

"ಏನಯ್ಯ ಜಾಕಾ, ಬಂಡೆ ಸಂದೀಲಿ ನೀರು ಗುಳುಗುಳು ಅಂತಿದೆ. ತಿರುಗಿಬಿಡ್ತಾ?" ಎಂದು ಅವರು ಕೇಳಿದರು.

"ಇನ್ನೂ ಮುಕ್ಕಾಲು ಗಂಟೆ ಇದೆ ಭಾವ, ಪಟ್ಟೀಲೇ ಇದೆ. ಚಿಪ್ಪಿಗಿಂತ ನಿಮ್ಮ ಮಾತೇ ಜಾಸ್ತಿಯಾಯ್ತು" ಎಂದೆ ನೀನು.

"ಸಮುದ್ರಕ್ಕೆ ಓದು ಬರಲ್ಲ ಕಣೋ" ಎಂದು ನಕ್ಕು, ಬಕೆಟ್ ಹಿಡಿದು ಇನ್ನೂ ಒಳಗೆ ಹೋದರು. ನೀರು ಎದುರಿನಿಂದ ಬರಲಿಲ್ಲ, ಹಿಂದಿನ ತಗ್ಗಿನಲ್ಲಿ ಸುತ್ತಿ ಬಂದು ದಾರಿ ಮುಚ್ಚಿತು. ಕಿಂಡಿಯ ಹತ್ತಿರವಿದ್ದ ನಾನು ನಿನ್ನ ಕೈಗೆ ಸಿಕ್ಕಿದೆ. ಅವರು ಸಿಗಲಿಲ್ಲ.

ಅಚ್ಚಾದ ಪಟ್ಟಿಯಲ್ಲಿರುವುದು ಚಳಿಗಾಲದ ಗಡಿಯಾರದ ಹೊತ್ತು. ಮಾರ್ಚಿನಲ್ಲಿ ಬೇಸಿಗೆಗೆಂದು ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಅದಕ್ಕೊಂದು ಗಂಟೆ ಕೂಡಿಸಿಕೊಳ್ಳುವುದು ಇಲ್ಲಿ ಮಕ್ಕಳಿಗೂ ಗೊತ್ತು. ಜಾಕಾ ಎರಡು ಸಲ ಕೂಡಿಸಿದ ಎಂದು ಊರೆಲ್ಲ ಆಡಿಕೊಂಡಿತು. "ಒಂದೇ ಸಲ ಕಣಕ್ಕ, ಆಣೆಗೂ" ಎಂದು ನೀನು ನನ್ನ ಬಾಗಿಲಲ್ಲಿ ಅತ್ತೆ. ಸುಳ್ಳ ಎಂದು ಬಾಗಿಲು ಹಾಕಿದೆ. ನೀನು ಊರು ಬಿಟ್ಟೆ, ಒಳ್ಳೆಯದೇ ಆಯಿತು.

ಮಗು ಹಾಲು ಕುಡಿದು ಗುಂಡಗಾಗಲಿ, ಬಾಣಂತಿ ಗಟ್ಟಿಯಾಗಲಿ. ಬೇರೆ ಯಾವ ಹೆಸರನ್ನಾದರೂ ಇಡು. ಇತ್ತ ಮಾತ್ರ ಕಾಲಿಡಬೇಡ.

ನಿನ್ನ ಅಕ್ಕ,
ಸಿಯಾಸಿ

ಮರೆತಿದ್ದು: ನೀನು ಕೂಡಿಸಿದ್ದು ಒಂದೇ ಸಲ. ನನ್ನ ಅಡುಗೆಮನೆ ಗೋಡೆಯಿಂದ ನೀನು ಕಿತ್ತೊಯ್ದದ್ದು ಅಚ್ಚಾದ ಪಟ್ಟಿಯಲ್ಲ, ನಾನು ಕೈಯಲ್ಲಿ ಬರೆದ ಅದರ ನಕಲು. ಬರೆಯುವಾಗಲೇ ಆ ಒಂದು ಗಂಟೆ ಕೂಡಿಸಿದ್ದೆ, ನಿನಗೆ ಹೇಳಲಿಲ್ಲ. ಈ ನಾಲ್ಕು ವರ್ಷ ಯಾರಿಗೂ ಹೇಳಲಿಲ್ಲ. ಆ ಹೆಸರಿನಲ್ಲಿ ಅವರು ಮರಳಿ ಬಂದರೆ ನಾನು ಯಾವ ಮುಖ ಹೊತ್ತು ಎತ್ತಿಕೊಳ್ಳಲಿ, ಜಾಕಾ?