ಗೆದ್ದಲು ತಿಂದ ಅರ್ಧ ಸಾಲು

ತೇಲೂರು, ನೀರೇರಿದ ನೂರಾ ನಲವತ್ತನೇ ವರ್ಷ, ಹಿಟ್ಟಿನ ದೋಣಿ ಬಂದು ಹೋದ ಮೂರನೇ ದಿನ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೩೧೧.

ಪಂಪಾವತಿ ಅಜ್ಜಿಯವರಿಗೆ, ನಿಮ್ಮ ಒಂಬತ್ತನೇ ತಲೆಮಾರಿನ ಹೊನ್ನವ್ವನ ನಮಸ್ಕಾರಗಳು. ಈ ಕಾಗದ ಕೈ ಸೇರುವಾಗ ನಿಮಗೆ ಮೂವತ್ತೂ ತುಂಬಿರುವುದಿಲ್ಲ, ನನಗೆ ಅರವತ್ತೆರಡು. ಆದರೂ ಅಜ್ಜಿ ಅಜ್ಜಿಯೇ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡ ಓದುವಾಗ ನನಗೂ ಹಾಗೇ ಅನ್ನಿಸುತ್ತದೆ. ಇದನ್ನು ತರುವುದು ಹಿನ್ನಂಚೆ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ. ಒಂದು ಮನೆಗೆ ಒಂದೇ ಸಲ ಅವಕಾಶ. ಪಕ್ಕದ ತೆಪ್ಪದವರು ತಮ್ಮ ಹಿರಿಯರಿಗೆ, ಗುಡ್ಡದ ಮೇಲೆ ಜಾಗ ಹಿಡಿಯಿರಿ ಎಂದು ಬರೆದರು. ನಾನು ಬರೆಯುತ್ತಿರುವುದು ಕೂಸುಗಳಿಗೆ ಉಣಿಸುವ ರಾಗಿ ಸರಿಯ ವಿಷಯ.

ನಮ್ಮದು ನಾನೂರು ತೆಪ್ಪಗಳನ್ನು ಹಗ್ಗದಿಂದ ಬಿಗಿದು ಮಾಡಿದ ಊರು. ಗಾಳಿ ಬಂದರೆ ಮನೆ, ಒಲೆ, ತೊಟ್ಟಿಲು ಎಲ್ಲವೂ ಒಟ್ಟಿಗೆ ಓಲಾಡುತ್ತವೆ. ರಾಗಿ ಬೆಳೆಯುವುದು ದೂರದ ಗುಡ್ಡಗಳಲ್ಲಿ. ಅಲ್ಲಿಯವರು ಅದನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ, ತಿಂಗಳಿಗೊಮ್ಮೆ ದೋಣಿಯಲ್ಲಿ ಕಳಿಸುತ್ತಾರೆ. ಆ ದಿನ, ಆರು ತಿಂಗಳು ತುಂಬಿದ ಕೂಸುಗಳನ್ನೆಲ್ಲ ನಡುತೆಪ್ಪದಲ್ಲಿ ಸಾಲಾಗಿ ಕೂರಿಸಿ ಮೊದಲ ತುತ್ತು ಕೊಡುವುದು ಪದ್ಧತಿ. ಕೊಡುವವಳಿಗೆ ತುತ್ತವ್ವ ಎಂದು ಹೆಸರು. ಇಪ್ಪತ್ತೆರಡು ವರ್ಷಗಳಿಂದ ಅದು ನಾನೇ, ಆ ಜಂಬವೂ ನನಗೆ ಬೇಕಾದಷ್ಟಿತ್ತು.

ಈ ಪದ್ಧತಿಗೆಲ್ಲ ಆಧಾರ ನಿಮ್ಮ ನೋಟ್‌ಬುಕ್ಕು. ನೀರು ಏರಿದಾಗ ನಮ್ಮವರು ಹೊತ್ತು ತಂದದ್ದು ಅದೊಂದನ್ನೇ. ಸರಿ ಕಾಯಿಸುವ ಬಗೆ ಅದರಲ್ಲಿ ಚೆನ್ನಾಗಿ ಉಳಿದಿದೆ. ಆದರೆ ಕೊನೆಯ ಸಾಲು, “ಆರು ತಿಂಗಳು ತುಂಬಿದ ಮೇಲೆ, ಮಗು” ಎಂಬಲ್ಲಿಗೆ ನಿಂತುಬಿಡುತ್ತದೆ. ಮುಂದಿನದನ್ನು ಗೆದ್ದಲು ತಿಂದಿದೆ. “ತಿನ್ನಬೇಕು” ಎಂದು ನಮ್ಮ ಹಿರಿಯರು ಬಾಯಲ್ಲೇ ತುಂಬಿಸಿಕೊಂಡರು, ಅದೇ ಶಾಸನವಾಯಿತು.

ನನ್ನ ಮೊಮ್ಮಗಳು ತುಂಗಿ ದಿನ ತುಂಬುವ ಮೊದಲೇ, ಏಳು ವಾರ ಮುಂಚೆ ಹುಟ್ಟಿದವಳು. ಅವಳಿಗೆ ಆರು ತಿಂಗಳು ತುಂಬಿದ ವಾರವೇ ದೋಣಿ ಬಂತು. ಮಗಳು ಸಂಪಿ ಬೇಡಿಕೊಂಡಳು: “ಅವ್ವಾ, ಕೂಸಿನ ಕುತ್ತಿಗಿ ಇನ್ನೂ ಗಟ್ಟಿ ನಿಂತಿಲ್ಲ. ಮುಂದಿನ ದೋಣಿಗೆ ಕೊಟ್ರಾತು.” ನಾನು ಗದರಿದೆ: “ತುತ್ತವ್ವನ ಮನ್ಯಾಗ ದಿನ ತಪ್ಪಿದ್ರ ಮಂದಿ ಏನಂದಾರು?” ಮೊದಲ ತುತ್ತನ್ನು ಕೂಸು ನಾಲಿಗೆಯಿಂದ ಹೊರಗೆ ತಳ್ಳಿತು. ಬೇಡ ಎನ್ನುವುದನ್ನು ಅದಕ್ಕಿಂತ ಸ್ಪಷ್ಟವಾಗಿ ಕೂಸು ಹೇಗೆ ಹೇಳಬೇಕು? ನಾನು ಎರಡನೆಯದನ್ನು ಒಳಕ್ಕೆ ಒತ್ತಿ ಇಟ್ಟೆ. ಸರಿಯಲ್ಲಿ ಒಂದು ಗಂಟಿತ್ತು. ಕೂಸಿಗೆ ಕೆಮ್ಮಲೂ ಆಗಲಿಲ್ಲ, ಅಳಲೂ ಆಗಲಿಲ್ಲ, ತುಟಿ ನೀಲಿಯಾಯಿತು. ಸಂಪಿ ಕಸಿದುಕೊಂಡು, ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಬೆನ್ನಿಗೆ ಬಡಿದಳು. ನಾಲ್ಕನೇ ಏಟಿಗೆ ಗಂಟು ಹೊರಬಿತ್ತು, ಕೂಸು ಅತ್ತಿತು. ಇವತ್ತಿಗೂ ಆ ಸರಿಯ ಬಟ್ಟಲು ತೊಳೆಯುವಾಗ, ತಳದಲ್ಲಿ ಗಂಟು ಉಳಿದಿದೆಯೇ ಎಂದು ಬೆರಳಾಡಿಸಿ ನೋಡುತ್ತೇನೆ.

ಆಮೇಲೆ ಒಂದು ದೋಣಿ ಬಂದು ಹೋಯಿತು, ತುಂಗಿಗೆ ಹಾಲು ಬಿಟ್ಟು ಬೇರೇನೂ ಕೊಡಲಿಲ್ಲ. ಮಂದಿ ಆಡಿಕೊಂಡರು. ಈ ಸಲದ ದೋಣಿಗೆ ಎರಡು ದಿನ ಮೊದಲು ನಾನು ಮುದ್ದೆ ಉಣ್ಣುತ್ತಿದ್ದೆ. ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂತಿದ್ದ ತುಂಗಿ, ತೆಪ್ಪ ಓಲಾಡಿದರೂ ತಲೆ ವಾಲದಂತೆ ಮುಂದಕ್ಕೆ ಬಾಗಿ, ನನ್ನ ಮಣಿಕಟ್ಟು ಹಿಡಿದು ಬಾಯಿ ತೆರೆದಳು. “ಈಗ ನೋಡವ್ವಾ,” ಎಂದಳು ಸಂಪಿ. ದೋಣಿ ಬಂದ ದಿನ ಬೆರಳ ತುದಿಯಲ್ಲಿ ತೆಳ್ಳನೆಯ ಸರಿ ಇಟ್ಟೆ. ನುಂಗಿದಳು, ಮತ್ತೆ ಬೇಕೆಂದು ಕೈ ಬಡಿದಳು.

ಅಂದೇ ಸಾಲಿನಲ್ಲಿ, ತಲೆ ನಿಲ್ಲದ ಇನ್ನೊಂದು ಕೂಸಿಗೆ ನಾನು ತುತ್ತು ಕೊಡಲಿಲ್ಲ. ಊರ ಹಿರಿಯರು ಸಿಟ್ಟಾಗಿದ್ದಾರೆ. ಕೂಸನ್ನು ನೋಡಿ ತುತ್ತು ಕೊಡು ಎಂದು ಪಂಪಾವತಿ ಎಲ್ಲಿ ಬರೆದಿದ್ದಾಳೆ, ತೋರಿಸು ಎನ್ನುತ್ತಾರೆ. ತೋರಿಸದಿದ್ದರೆ ಮುಂದಿನ ದೋಣಿಗೆ ಬೇರೆ ತುತ್ತವ್ವ ಬರುತ್ತಾಳೆ, ಬಟ್ಟಲು ಅವಳ ಕೈಗೆ ಹೋಗುತ್ತದೆ.

ಅಜ್ಜಿ, ನೀವು ಆ ಸಾಲನ್ನು ಪೂರ್ತಿ ಬರೆದಿದ್ದಿರಿ ಎಂದು ನನಗೆ ಗೊತ್ತು. ಮಕ್ಕಳನ್ನು ಸಾಕಿದವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ದಯವಿಟ್ಟು ಅದನ್ನೇ ಇನ್ನೊಮ್ಮೆ, ಪುಟದ ಮೇಲ್ಗಡೆ, ದಪ್ಪ ಅಕ್ಷರದಲ್ಲಿ ಬರೆಯಿರಿ. ನೋಟ್‌ಬುಕ್ಕಿನೊಳಗೆ ಬೇವಿನ ಎಲೆ ಇಡಿ, ಗೋಡೆಯ ಗೂಡಿನಲ್ಲಿ ಮಾತ್ರ ಇಡಬೇಡಿ, ಗೆದ್ದಲು ಹತ್ತುವುದು ಅಲ್ಲಿಯೇ.

ಮುಂದಿನ ದೋಣಿಗೆ ಇನ್ನು ಇಪ್ಪತ್ತೇಳು ದಿನ. ಸಾಲಿನಲ್ಲಿ ಕೂರುವ ಕೂಸುಗಳು ಐದು, ಅದರಲ್ಲಿ ಒಂದು ತುಂಗಿಯ ಹಾಗೇ ಮುಂಚೆ ಹುಟ್ಟಿದ್ದು. ನೀವು ಅಲ್ಲಿ ಬರೆದದ್ದು ಇಲ್ಲಿ ಮೂಡುತ್ತದೆಂದು ನಿಮ್ಮ ಪುಟವನ್ನು ಮುಂದೆ ತೆರೆದಿಟ್ಟುಕೊಂಡು ಕೂತಿದ್ದೇನೆ. ಮೇಲ್ಗಡೆ ಇನ್ನೂ ಖಾಲಿ ಇದೆ.